ಸುಡಾನಿನ ಹಸಿದವರಿಗೆ ನಮ್ಮೂರ ತಾಳಮದ್ದಲೆಯ ಹಣ: ಕಳಿಸುವುದು ಸರಿಯೇ, ಕಳಿಸುವುದಾದರೆ ಹೇಗೆ?

ಬೆಟ್ಟದಂಚು (ಶಿರಸಿ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯ ಯುವಕ ಮಂಡಳದ ಕಾರ್ಯದರ್ಶಿ. ಅಡಿಕೆ ಕೊಯ್ಲು ಮುಗಿದು ಜನರಿಗೆ ಕೊಂಚ ಬಿಡುವಾಗುವ ಹೊತ್ತಿಗೆ ನಾವು ವರ್ಷಕ್ಕೊಂದು ತಾಳಮದ್ದಲೆ ನಡೆಸುತ್ತೇವೆ. ಕಲಾವಿದರ ಸಂಭಾವನೆ, ಮೈಕಿನ ಬಾಡಿಗೆ, ಊಟೋಪಚಾರ ಎಲ್ಲ ಕಳೆದು ಮಿಕ್ಕ ಹಣವನ್ನು ಶಾಲೆಯ ಕೆಲಸಕ್ಕೋ, ಆಸ್ಪತ್ರೆಯ ಖರ್ಚಿನಲ್ಲಿ ಸೋತ ಮನೆಯವರಿಗೋ ಕೊಡುವುದು ಹಿಂದಿನಿಂದ ಬಂದ ಕ್ರಮ. ಈ ಸಲ ಮಿಕ್ಕಿದ್ದರಲ್ಲಿ ಅರ್ಧವನ್ನು ಸುಡಾನಿನ ಯುದ್ಧದಲ್ಲಿ ಊಟಕ್ಕಿಲ್ಲದೆ ಇರುವ ಸಾಮಾನ್ಯ ಜನರಿಗೆ ತಲುಪಿಸೋಣ ಎಂದು ನಾನು ಸಭೆಯಲ್ಲಿ ಹೇಳಿದೆ. ಸಭೆ ಎರಡು ಹೋಳಾಯಿತು.

ಹಾಗೆ ಹೇಳಲು ಕಾರಣವಿದೆ. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಾಗ, ಡಾರ್ಫುರ್ ಪ್ರಾಂತದ ಅಲ್ ಫಾಶಿರ್ ಪಟ್ಟಣದಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದ ಕೆಲವರು ಸಿಕ್ಕಿಕೊಂಡಿದ್ದು ನಿಮಗೆ ನೆನಪಿರಬಹುದು. ಗಿಡಮೂಲಿಕೆ ಔಷಧ ಮಾರಿ ನಾಲ್ಕು ಕಾಸು ಸಂಪಾದಿಸಲು ಅಷ್ಟು ದೂರ ಹೋದವರು ಅವರು. ವಿಧಾನಸಭಾ ಚುನಾವಣೆಯ ಕಾಲವಾದ್ದರಿಂದ ನಾಯಕರ ನಡುವೆ ಅದರ ಬಗ್ಗೆ ಬಿರುಸಾದ ಮಾತುಕತೆಯೂ ನಡೆಯಿತು. ಆಪರೇಷನ್ ಕಾವೇರಿ ಎಂಬ ಭಾರತ ಸರಕಾರದ ತೆರವು ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಜನರನ್ನು ಪೋರ್ಟ್ ಸುಡಾನ್ ಮತ್ತು ಜೆಡ್ಡಾ ಮೂಲಕ ಕರೆತಂದರು. ಅಲ್ ಫಾಶಿರ್ ಎಂಬ ಹೆಸರು ನಮ್ಮ ಮಾತಿನಿಂದ ಅಲ್ಲಿಗೇ ಇಳಿದುಹೋಯಿತು. ಆದರೆ ಆ ಊರಿನವರು ಆ ಊರಿನಲ್ಲೇ ಇದ್ದರಲ್ಲ. 2024ರ ಮೇ ತಿಂಗಳಿನಿಂದ ಅದಕ್ಕೆ ಮುತ್ತಿಗೆ ಬಿತ್ತು. ಸುತ್ತಲೂ ಮಣ್ಣಿನ ದಿಬ್ಬ ಎಬ್ಬಿಸಿ ಕಾಳುಕಡ್ಡಿ ಒಳಗೆ ಹೋಗದಂತೆ ಮಾಡಿದರು. 2025ರ ಅಕ್ಟೋಬರ್ 26ರಂದು ಪಟ್ಟಣ ಆರ್‌ಎಸ್‌ಎಫ್ ವಶವಾಯಿತು. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಅಲ್ಲಿಯ ಜನ ಅಂಬಾಜ್ ತಿಂದು ಬದುಕಿದರು ಎಂದು ಓದಿದೆ. ಅಂಬಾಜ್ ಎಂದರೆ ಎಣ್ಣೆ ತೆಗೆದು ಉಳಿದ ಶೇಂಗಾ ಹಿಂಡಿ. ಎಮ್ಮೆ ಕಟ್ಟಿದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ: ಸಂಜೆ ಬಕೆಟ್ಟಿನಲ್ಲಿ ನೆನೆಹಾಕಿದರೆ ಬೆಳಗಿನ ಹೊತ್ತಿಗೆ ಉಬ್ಬಿ, ಹುಳಿ ನಾತ ಹೊಡೆಯುವ ಆ ಮುದ್ದೆಯನ್ನು ಮಕ್ಕಳಿಗೆ ಉಣ್ಣಿಸಿದರಂತೆ. ಕೊನೆಕೊನೆಗೆ ಅದೂ ಸಿಗದಾಯಿತಂತೆ.

ಸಭೆಯಲ್ಲಿ ಬಂದ ಆಕ್ಷೇಪಗಳು ಹಗುರವಾದವಲ್ಲ. ನಮ್ಮ ಹಳ್ಳದ ಕಾಲುಸಂಕ ಕಳೆದ ಮಳೆಗಾಲದಲ್ಲಿ ಕೊಚ್ಚಿಹೋಗಿದೆ, ಶಾಲೆಗೆ ಹೋಗುವ ಮಕ್ಕಳು ಸುತ್ತುಬಳಸಿ ನಡೆಯುತ್ತಿದ್ದಾರೆ, ಅದನ್ನು ಬಿಟ್ಟು ಆಫ್ರಿಕಕ್ಕೆ ಹಣವೇ ಎಂದು ಒಬ್ಬರು ಕೇಳಿದರು. ಹಣ ಬಂದೂಕು ಹಿಡಿದವರ ಕೈ ಸೇರುವುದಿಲ್ಲ ಎಂಬುದಕ್ಕೆ ಏನು ಖಾತರಿ ಎಂದರು ಇನ್ನೊಬ್ಬರು. ಗಾಜಾ, ಉಕ್ರೇನ್ ಎಲ್ಲ ಇರುವಾಗ ಸುಡಾನನ್ನೇ ಯಾಕೆ ಆರಿಸಿದ್ದು ಎಂಬ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ಮುಂದಿನ ಸಭೆಗೆ ಮೊದಲು, ವಿಷಯ ಬಲ್ಲವರು ನಿಧಾನವಾಗಿ ಬರೆದರೆ ಉಪಕಾರವಾದೀತು.

ದೇವಿಮನೆ (ಕುಮಟಾ)

ಬೆಟ್ಟದಂಚಿನವರೇ, ನಿಮ್ಮ ಮನಸ್ಸು ಒಳ್ಳೆಯದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕಾಲುಸಂಕದ ಮಾತು ಎತ್ತಿದವರ ಪಕ್ಷ ನನ್ನದು. ತಾಳಮದ್ದಲೆಗೆ ಬಂದು ಐವತ್ತು, ನೂರು ರೂಪಾಯಿ ಕೊಡುವ ಮನುಷ್ಯ ಅದು ಊರಿಗೆ ಸಲ್ಲುತ್ತದೆ ಎಂಬ ನಂಬಿಕೆಯಿಂದ ಕೊಡುತ್ತಾನೆ. ಅವನನ್ನು ಕೇಳದೆ ಉದ್ದೇಶ ಬದಲಿಸುವ ಅಧಿಕಾರ ಮಂಡಳಕ್ಕಿಲ್ಲ. ಎರಡನೆಯದಾಗಿ, ದೂರದವರ ಮೇಲೆ ಕರುಣೆ ತೋರುವುದು ಬಲು ಸಲೀಸು. ಅವರು ನಾಳೆ ಬಂದು ಬಾಗಿಲು ತಟ್ಟುವುದಿಲ್ಲ, ಬೇಲಿಯ ಜಗಳ ತೆಗೆಯುವುದಿಲ್ಲ. ನಿಮ್ಮದೇ ಊರಿನಲ್ಲಿ ಕೂಲಿ ಸಿಗದೆ ಕುಳಿತವನ ಮನೆಗೆ ಒಂದು ಮೂಟೆ ಅಕ್ಕಿ ಹೋಗಿದೆಯೇ ಎಂದು ಮೊದಲು ನೋಡಿ. ಮೂರನೆಯದು, ನೀವು ಬಹುಶಃ ಒಪ್ಪಲಾರಿರಿ, ಆದರೂ ಕೇಳುತ್ತೇನೆ: ಗಾಜಾ ಎಂದರೆ ಊರಿನಲ್ಲಿ ಜಗಳ, ಉಕ್ರೇನ್ ಎಂದರೆ ವಾದ, ಸುಡಾನ್ ಎಂದರೆ ಯಾರಿಗೂ ಏನೂ ಗೊತ್ತಿಲ್ಲ, ಈ ಅನುಕೂಲವೇ ನಿಮ್ಮ ಆಯ್ಕೆಗೆ ಕಾರಣವಲ್ಲವೇ?

ಕಾಳಿಸಂಗಮ (ಕಾರವಾರ)

ನಾನು ವ್ಯಾಪಾರಿ ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯುದ್ಧಕ್ಕೆ ಬಹಳ ಹಿಂದೆ ನಮ್ಮ ಹಡಗು ಪೋರ್ಟ್ ಸುಡಾನಿಗೆ ಹೋಗುತ್ತಿತ್ತು. ಹಾಗಾಗಿ ಆ ದೇಶ ನನಗೆ ಬರಿಯ ಹೆಸರಲ್ಲ. ಎಳ್ಳು, ಕುರಿ ಮತ್ತು ಅರಬ್ಬೀ ಅಂಟು ಅಲ್ಲಿಂದ ಹೊರಡುತ್ತಿದ್ದವು. ನೀವು ಕುಡಿಯುವ ತಂಪು ಪಾನೀಯದಲ್ಲಿ, ನುಂಗುವ ಮಾತ್ರೆಯಲ್ಲಿ ಬಳಸುವ ಆ ಅಂಟಿನ ಬಹುಪಾಲು ಜಗತ್ತಿಗೆ ಸುಡಾನಿನಿಂದಲೇ ಹೋಗುತ್ತದೆ, ಯುದ್ಧ ನಡೆಯುತ್ತಿರುವಾಗಲೂ ಹೋಗುತ್ತಿದೆ. ದೂರ ಎನ್ನುವುದು ಅಷ್ಟು ದೂರವೇನಲ್ಲ. ಅದು ಹಾಗಿರಲಿ.

ಹಣ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗೆ ಸರಕು ಸಾಗಿಸಿದವನಾಗಿ ಉತ್ತರಿಸಬಲ್ಲೆ. ಡಾರ್ಫುರ್‌ಗೆ ಆಹಾರ ಹೋಗಲು ಮುಖ್ಯವಾಗಿ ಎರಡು ದಾರಿ. ಒಂದು ಪೋರ್ಟ್ ಸುಡಾನ್ ಬಂದರಿನಲ್ಲಿ ಇಳಿಸಿ, ಯುದ್ಧದ ಸಾಲುಗಳನ್ನು ದಾಟಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಒಯ್ಯುವುದು. ಅದರಲ್ಲಿ ಪ್ರತಿ ತಪಾಸಣೆಯ ಜಾಗದಲ್ಲೂ ಯಾರೋ ಒಬ್ಬರು ಕಾಗದ ಕೇಳುತ್ತಾರೆ, ಇಲ್ಲವೇ ಸುಂಕ ಕೇಳುತ್ತಾರೆ, ಇಲ್ಲವೇ ಲಾರಿಯನ್ನೇ ಕೇಳುತ್ತಾರೆ. ಇನ್ನೊಂದು ಪಕ್ಕದ ಚಾಡ್ ದೇಶದ ಅದ್ರೆ ಎಂಬ ಗಡಿಯೂರಿನ ಮೂಲಕ ಒಳಗೆ ಹೋಗುವುದು. ಶಸ್ತ್ರಾಸ್ತ್ರ ನುಸುಳುತ್ತದೆ ಎಂದು ಸೇನೆಯ ಕಡೆಯ ಸರಕಾರ 2024ರ ಫೆಬ್ರವರಿಯಲ್ಲಿ ಈ ಎರಡನೆಯ ದಾರಿಯನ್ನು ಮುಚ್ಚಿತು. ಅದು ಮತ್ತೆ ತೆರೆದದ್ದು ಅದೇ ವರ್ಷದ ಆಗಸ್ಟಿನಲ್ಲಿ, ಅಂದರೆ ಅಲ್ ಫಾಶಿರ್ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆ ಎಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ದೃಢಪಡಿಸಿದ ತಿಂಗಳಿನಲ್ಲಿ. ತೆರೆದ ಹೊತ್ತಿಗೆ ಮಳೆಗಾಲ ಜೋರಾಗಿತ್ತು. ಪಶ್ಚಿಮ ಡಾರ್ಫುರ್‌ನಲ್ಲಿ ಮೊರ್ನಿ ಎಂಬಲ್ಲಿಯ ಸೇತುವೆ ಕುಸಿದು ಲಾರಿಗಳ ದಾರಿ ಕಡಿದುಹೋಯಿತು. ದೇವಿಮನೆಯವರು ಇದನ್ನು ಗಮನಿಸಬೇಕು: ಸಂಕ ಕೊಚ್ಚಿಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಅಡೆತಡೆಯ ನಡುವೆಯೂ ಊಟ ತಲುಪಿಸಿದವರು ಯಾರು ಎಂದು ನೋಡಿದರೆ, ಬಹಳಷ್ಟು ಕಡೆ ಅಲ್ಲಿಯ ಕೇರಿಯ ಜನರೇ. ನಫೀರ್ ಎಂಬ ಹಳೆಯ ಪದ್ಧತಿಯೊಂದು ಅವರಲ್ಲಿದೆ. ಒಬ್ಬನ ಹೊಲಕ್ಕೆ, ಮನೆ ಕಟ್ಟುವುದಕ್ಕೆ ಊರೆಲ್ಲ ಸೇರಿ ದುಡಿಯುವುದು, ನಮ್ಮ ಮುಯ್ಯಾಳಿನ ಹಾಗೆ. ಆ ರೂಢಿಯ ಬಲದಿಂದಲೇ ಯುವಕರು, ಹೆಂಗಸರು ಸೇರಿ ತುರ್ತು ಸ್ಪಂದನ ಕೇಂದ್ರಗಳೆಂಬ ಗುಂಪುಗಳನ್ನು ಕಟ್ಟಿಕೊಂಡು, ದೊಡ್ಡ ಪಾತ್ರೆಗಳಲ್ಲಿ ಅವರೆಯ ಜಾತಿಯ ಕಾಳನ್ನೋ ಬೇಳೆಯನ್ನೋ ಬೇಯಿಸಿ ಕೇರಿಕೇರಿಗೆ ಹಂಚಿದರು. ತಕಾಯಾ ಎಂದು ಕರೆಯುವ ಈ ಸಾಮೂಹಿಕ ಅಡುಗೆಮನೆಗಳಲ್ಲಿ ನೂರಾರು 2025ರ ಆರಂಭದಲ್ಲಿ ಅಮೆರಿಕದ ನೆರವು ತಟ್ಟನೆ ನಿಂತಾಗ ಒಲೆ ಆರಿಸಬೇಕಾಯಿತು. ಇದರಿಂದ ನಾನು ತೆಗೆದುಕೊಂಡ ಅರ್ಥ ಇಷ್ಟೇ: ಅಲ್ಲಿ ಕೊರತೆ ಇರುವುದು ದಾರಿಗೂ ಹಣಕ್ಕೂ. ಬಡಿಸುವ ಕೈಗಳಿಗೆ ಕೊರತೆಯಿಲ್ಲ. ಕೊಟ್ಟದ್ದರಲ್ಲಿ ಒಂದು ಪಾಲು ದಾರಿಯಲ್ಲಿ ಸೋರುವುದು ನಿಜ, ಯಾವ ಯುದ್ಧದಲ್ಲೂ ಸೋರದೆ ಇದ್ದಿಲ್ಲ. ಸೋರುತ್ತದೆ ಎಂದು ಕೊಡವನ್ನೇ ತುಂಬದಿದ್ದರೆ ಬಂದೂಕಿನವನಿಗೆ ಏನೂ ನಷ್ಟವಿಲ್ಲ. ಅವನು ತನ್ನ ಪಾಲನ್ನು ಬೇರೆ ಕಡೆ ದೋಚಿಕೊಳ್ಳುತ್ತಾನೆ.

ಗಂಗಾವಳಿ ತೀರ (ಅಂಕೋಲಾ)

ಬ್ಯಾಂಕಿನಲ್ಲಿ ಕೆಲಸ ಮಾಡುವವಳಾಗಿ ಹಣದ ಮಾತು ಮಾತ್ರ ಹೇಳುತ್ತೇನೆ, ಏಕೆಂದರೆ ಸದುದ್ದೇಶದ ಜನ ಎಡವುವುದು ಇಲ್ಲೇ.

ಯುವಕ ಮಂಡಳದ ಖಾತೆಯಿಂದ ನೇರವಾಗಿ ಹೊರದೇಶಕ್ಕೆ ದೇಣಿಗೆ ಕಳಿಸಲು ಹೋಗಬೇಡಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯ ಅಡಿಯಲ್ಲಿ ಇಲ್ಲಿ ವಾಸವಿರುವ ವ್ಯಕ್ತಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ವರೆಗೆ ಹೊರಗೆ ಕಳಿಸಬಹುದು, ದೇಣಿಗೆಯೂ ಅದರಲ್ಲಿ ಸೇರುತ್ತದೆ. ಆದರೆ ಆ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ, ಸಂಘಕ್ಕೂ ಟ್ರಸ್ಟಿಗೂ ಕಂಪನಿಗೂ ಇಲ್ಲ. ಪ್ಯಾನ್ ಬೇಕೇಬೇಕು. ಹತ್ತು ಜನರ ಹಣವನ್ನು ಕಾರ್ಯದರ್ಶಿಯ ಖಾತೆಗೆ ಹಾಕಿಕೊಂಡು ತನ್ನದೆಂದು ಕಳಿಸುವ ಜಾಣತನವೂ ಬೇಡ. ನಾಳೆ ಲೆಕ್ಕ ಕೇಳಿದಾಗ ಉತ್ತರಿಸಬೇಕಾದವರು ಅವರೊಬ್ಬರೇ. ಇದರ ಜೊತೆಗೆ ಅನೇಕರು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯನ್ನು ಎಳೆದು ತಂದು ಹೆದರಿಸುತ್ತಾರೆ. ಆ ಕಾಯ್ದೆ ಹೊರಗಿನಿಂದ ಇಲ್ಲಿಗೆ ಬರುವ ದೇಣಿಗೆಗೆ ಸಂಬಂಧಿಸಿದ್ದು, ಇಲ್ಲಿಂದ ಹೋಗುವುದಕ್ಕಲ್ಲ. ಇನ್ನು 80ಜಿ ಎಂದು ಕರೆಯುವ ಆದಾಯ ತೆರಿಗೆ ರಿಯಾಯಿತಿ ವಿದೇಶಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಸಿಗುವುದಿಲ್ಲ. ಅದನ್ನು ನೆಚ್ಚಿಕೊಂಡು ಕೊಡುವುದಾದರೆ ಕೊಡುವುದೇ ಬೇಡ.

ಹಾಗಾದರೆ ದಾರಿ? ಊರಿನ ಹಣ ಊರಿಗೇ ಇರಲಿ, ದೇವಿಮನೆಯವರು ಹೇಳಿದ್ದು ಆ ಮಟ್ಟಿಗೆ ಸರಿ. ತಾಳಮದ್ದಲೆಯ ದಿನ ಸುಡಾನಿನ ಸಂಗತಿಯನ್ನು ಐದು ನಿಮಿಷ ತಿಳಿಸಿ, ಕೊಡುವ ಮನಸ್ಸಿರುವವರು ತಾವೇ ತಮ್ಮ ಮೊಬೈಲಿನಿಂದ ಕೊಡುವಂತೆ ಮಾಡಿ. ವಿಶ್ವ ಆಹಾರ ಕಾರ್ಯಕ್ರಮದವರ ‘ಶೇರ್ ದ ಮೀಲ್’ ಎಂಬ ಆ್ಯಪ್ ಇದೆ, ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತದೆ. ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ, ಗಡಿಯಿಲ್ಲದ ವೈದ್ಯರ ಸಂಸ್ಥೆ ಇವೂ ಸುಡಾನಿನಲ್ಲಿ ಕೆಲಸ ಮಾಡಿವೆ. ವಾಟ್ಸ್ಆ್ಯಪಿನಲ್ಲಿ ಅಳುವ ಮಗುವಿನ ಚಿತ್ರದ ಜೊತೆ ಬರುವ ಕ್ಯೂಆರ್ ಕೋಡ್‌ಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ. ಪ್ರತಿ ಯುದ್ಧ, ಪ್ರತಿ ಪ್ರವಾಹದ ಬೆನ್ನಿಗೆ ಅಂಥ ಕೋಡ್‌ಗಳು ಅಣಬೆಯಂತೆ ಏಳುತ್ತವೆ.

ಅಕ್ಕೋರು (ಹೊನ್ನಾವರ)

ಹಣದ ವಿಷಯವನ್ನು ಮೇಲಿನವರು ಅಚ್ಚುಕಟ್ಟಾಗಿ ಹೇಳಿದ್ದಾರೆ. ‘ಮೊದಲು ನಮ್ಮವರು’ ಎಂಬ ವಾದದ ಬಗ್ಗೆ ನನ್ನದೂ ಎರಡು ಮಾತಿದೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

1938ರಲ್ಲಿ ಜಪಾನಿನ ಆಕ್ರಮಣಕ್ಕೆ ಸಿಕ್ಕಿದ ಚೀನಾಕ್ಕೆ ಕಾಂಗ್ರೆಸ್ ಐದು ಜನ ವೈದ್ಯರನ್ನು ಕಳಿಸಿಕೊಟ್ಟಿತು. ಆಗ ನಾವು ಸ್ವತಂತ್ರರಾಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ವೈದ್ಯರೆಂದರೆ ಅಪರೂಪ. ಮೊದಲು ನಮ್ಮ ಮನೆ ಎಂದು ಹೇಳಲು ಆ ಕಾಲಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ, ಆದರೂ ಜನ ಚಂದಾ ಎತ್ತಿದರು. ಆ ಐವರಲ್ಲಿ ಸೊಲ್ಲಾಪುರದ ಡಾ. ಕೋಟ್ನಿಸರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1943ರಿಂದ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಪೋಲೆಂಡಿನಿಂದ ಯುದ್ಧದ ದೆಸೆಯಿಂದ ಚದುರಿಹೋದ ಸುಮಾರು 5,000 ಜನ, ಬಹುಪಾಲು ಹೆಂಗಸರು ಮತ್ತು ಮಕ್ಕಳು, ವರ್ಷಗಟ್ಟಲೆ ಆಶ್ರಯ ಪಡೆದಿದ್ದರು. ಅದೇ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು ಎಂಬುದನ್ನೂ ಮರೆಯಬಾರದು. ಆದರೆ ಬಂಗಾಳದ ಅನ್ನವನ್ನು ವಳಿವಡೆಯ ಮಕ್ಕಳು ತಿಂದರು ಎನ್ನಲು ಬರುವುದಿಲ್ಲ. ಬಂಗಾಳ ಸತ್ತದ್ದು ಸರಕಾರದ ಯುದ್ಧನೀತಿಯಿಂದ, ದಾಸ್ತಾನುಕೋರರಿಂದ, ನಿರ್ಲಕ್ಷ್ಯದಿಂದ. ನಮ್ಮ ಕಾಲುಸಂಕವೂ ಅಷ್ಟೇ. ಅದು ಆಗದೆ ಉಳಿದಿರುವುದು ಸುಡಾನಿಗೆ ಹಣ ಹೋದದ್ದರಿಂದಲ್ಲ. ಸುಡಾನಿಗೆ ಒಂದು ರೂಪಾಯಿಯೂ ಹೋಗದ ಇಷ್ಟು ವರ್ಷಗಳಲ್ಲಿ ಅದು ಯಾಕೆ ಗಟ್ಟಿಯಾಗಿ ಆಗಲಿಲ್ಲ ಎಂದು ಪಂಚಾಯಿತಿಯಲ್ಲಿ ಕೇಳಬೇಕಾದವರು ನಾವೇ.

ಇನ್ನೂ ಹತ್ತಿರ ಬೇಕೆಂದರೆ ಮುಂಡಗೋಡದ ಟಿಬೆಟನ್ ಕಾಲೊನಿ ಇದೆ. 1966ರಲ್ಲಿ ನಮ್ಮದೇ ಜಿಲ್ಲೆಯ ಕಾಡಂಚಿನಲ್ಲಿ ಅವರಿಗೆ ನೆಲ ಸಿಕ್ಕಿತು. ಆಗಲೂ ಈ ಜಿಲ್ಲೆಯಲ್ಲಿ ಗೇಣು ಜಮೀನಿಲ್ಲದ ಎಷ್ಟೋ ಕುಟುಂಬಗಳಿದ್ದವು, ಅವರಲ್ಲಿ ಕೆಲವರಿಗೆ ಇಂದಿಗೂ ಅತಿಕ್ರಮಣದ ಭೂಮಿಯ ಪಟ್ಟಾ ಸಿಕ್ಕಿಲ್ಲ. ಅದು ನ್ಯಾಯವೆಂದು ನಾನು ಹೇಳುವುದಿಲ್ಲ. ಆದರೆ ಟಿಬೆಟಿನವರನ್ನು ಅಂದು ಹೊರಗೆ ನಿಲ್ಲಿಸಿದ್ದರೆ ಇವರಿಗೆ ಪಟ್ಟಾ ಬರುತ್ತಿತ್ತು ಎಂದು ನಂಬುವವರು ನನಗೆ ಸಿಕ್ಕಿಲ್ಲ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಏನಾಯಿತೆಂದು ಅಂಕೋಲೆಯ ಗಂಗಾವಳಿ ತೀರದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಲಾರಿ ಸಮೇತ ಕಣ್ಮರೆಯಾದ ಒಬ್ಬ ಚಾಲಕನಿಗಾಗಿ ಕೇರಳಕ್ಕೆ ಕೇರಳವೇ ನಮ್ಮ ಹೊಳೆಯತ್ತ ಮುಖ ಮಾಡಿ ಕುಳಿತಿತ್ತು. ಸೆಪ್ಟೆಂಬರ್ 25ರಂದು ಲಾರಿ ಸಿಗುವವರೆಗೂ ಹುಡುಕಾಟದ ಮಾತು ಆರದೆ ಉಳಿದದ್ದು, ಗೋವಾದಿಂದ ಡ್ರೆಜರ್ ಬಂದದ್ದು, ನನ್ನ ಅಭಿಪ್ರಾಯದಲ್ಲಿ ಆ ಹೊರಗಿನವರ ಹಟದಿಂದ. ನಮ್ಮವರೇ ಎಷ್ಟೋ ಜನ ಅಲ್ಲಿ ಸತ್ತಿದ್ದರು, ಎದುರು ದಡದ ಉಳುವರೆಯ ಮನೆಗಳು ನೀರಿನ ಹೊಡೆತಕ್ಕೆ ನೆಲಸಮವಾಗಿದ್ದವು. ಅವುಗಳ ಸುದ್ದಿ ಅಷ್ಟಾಗಿ ಎಲ್ಲೂ ಬರಲಿಲ್ಲ ಎಂಬ ನೋವು ನಮ್ಮಲ್ಲಿ ಇಂದಿಗೂ ಇದೆ. ಯಾರೂ ನೋಡದೆ ಹೋಗುವುದು ಎಂದರೇನು ಎಂದು ಉಳುವರೆಯವರನ್ನು ಕೇಳಿದರೆ ಹೇಳುತ್ತಾರೆ.

ನನ್ನ ಶಾಲೆಯ ಅನುಭವವೊಂದನ್ನು ಹೇಳುವುದಾದರೆ, 2022ರ ಮಾರ್ಚ್ 1ರಂದು ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಬಲಿಯಾದಾಗ ನನ್ನ ಏಳನೆಯ ತರಗತಿಯ ಮಕ್ಕಳಿಗೆ ಖಾರ್ಕಿವ್ ಎಂಬ ಹೆಸರು ಬಾಯಿಪಾಠವಾಗಿತ್ತು. ಅಂಗಡಿಯ ಮುಂದೆ ಅವನ ಜೊತೆ ಅದೇ ಊರಿನವರೂ ನಿಂತಿದ್ದಿರಬೇಕಲ್ಲವೇ, ಅವರೇನಾದರು ಎಂದು ಒಬ್ಬ ಹುಡುಗಿ ಕೇಳಿದಳು. ಹಿರಿಯರು ಯಾರೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕಾಣೆ. ಮಕ್ಕಳಿಗೆ ಯುದ್ಧದ ಬಗ್ಗೆ ಹೇಳುವುದಾದರೆ ಭೂಪಟ ತೋರಿಸಿ, ಅಲ್ಲಿಯ ಜನ ಏನು ಉಣ್ಣುತ್ತಾರೆ, ಏನು ಬೆಳೆಯುತ್ತಾರೆ ಎಂದು ಹೇಳಿ; ಹೆಣಗಳ ವಿಡಿಯೋ ತೋರಿಸಬೇಡಿ. ಆ ಹೆಣಗಳಿಗೂ ಮಾನವಿದೆ. ನಿಮ್ಮ ವೇದಿಕೆಯಲ್ಲೂ ಇದೇ ಎಚ್ಚರ ಇರಲಿ. ಇನ್ನೊಂದು, ಅರ್ಥಧಾರಿಗಳು ಕೌರವನ ಬಾಯಲ್ಲಿ ಇಂದಿನ ರಾಜಕೀಯವನ್ನು ನುಸುಳಿಸುವುದರಲ್ಲಿ ಪಳಗಿದವರು. ಅಂದು ಮಾತ್ರ ಬೇಡವೆಂದು ಮೊದಲೇ ಕೈಮುಗಿದು ಹೇಳಿಬಿಡಿ.

ಬೆಟ್ಟದಂಚು (ಶಿರಸಿ)

ಎಲ್ಲರಿಗೂ ಕೃತಜ್ಞತೆಗಳು. ದೇವಿಮನೆಯವರ ಮೂರನೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಸುಡಾನ್ ಎಂದರೆ ನಮ್ಮಲ್ಲಿ ಯಾರಿಗೂ ಪಕ್ಷವಿಲ್ಲ ಎಂಬುದು ನನಗೆ ಅನುಕೂಲವೆನಿಸಿದ್ದು ಹೌದು, ಅದನ್ನು ದೋಷವೆಂದು ನಾನು ಭಾವಿಸುವುದಿಲ್ಲ. ಪಕ್ಷವಿಲ್ಲದಿದ್ದಾಗ ಹಸಿದವನನ್ನು ಹಸಿದವನೆಂದೇ ಕಾಣುವುದು ಸುಲಭ. ಅಲ್ಲಿ ರೂಢಿಯಾದದ್ದು ಪಕ್ಷವಿರುವ ಕಡೆಗೂ ಬಂದೀತು. ಗಾಜಾದ ಮಗುವಿಗೆ ಮರುಗಿದರೆ ಒಂದು ಗುಂಪು, 2023ರ ಅಕ್ಟೋಬರ್ 7ರಂದು ಸತ್ತ ಇಸ್ರೇಲಿನ ಮನೆಯವರಿಗೆ ಮರುಗಿದರೆ ಇನ್ನೊಂದು ಗುಂಪು ಎಂದು ನಮ್ಮ ವಾಟ್ಸ್ಆ್ಯಪ್ ಬಳಗಗಳು ಹಂಚಿಹೋಗಿವೆ. ಎರಡೂ ಕಡೆ ಸತ್ತವರಿಗೆ ಒಂದೇ ಉಸಿರಿನಲ್ಲಿ ಅಯ್ಯೋ ಎನ್ನುವವನಿಗೆ ಅಲ್ಲಿ ಜಾಗವೇ ಇಲ್ಲ. ಬಂದೂಕು ಹಿಡಿಯದವನು ಯಾರ ಕಡೆಯವನು ಎಂದು ಕೇಳದೆ ಕೊಡುವುದನ್ನು ಎಲ್ಲಿಂದಲಾದರೂ ಶುರುಮಾಡಬೇಕಲ್ಲ.

ಅಂಕೋಲೆಯವರ ಸಲಹೆಯಂತೆ, ಮಂಡಳದ ಉಳಿಕೆ ಪೂರ್ತಿ ಊರಿಗೇ ಇರಲಿ, ಸುಡಾನಿಗೆ ಇಷ್ಟವಿದ್ದವರು ಸ್ವಂತವಾಗಿ ಕೊಡಲಿ ಎಂದು ಮುಂದಿನ ಸಭೆಯಲ್ಲಿ ಇಡುತ್ತೇನೆ. ಒಂದೇ ಅನುಮಾನ: ಒಂದು ರಾತ್ರಿಯ ಉತ್ಸಾಹದಲ್ಲಿ ಕೊಟ್ಟು ಮರೆಯುವುದಕ್ಕಿಂತ, ಹತ್ತು ಮನೆಯವರು ತಿಂಗಳಿಗೆ ನೂರು ರೂಪಾಯಿಯಂತೆ ಒಂದು ವರ್ಷ ಕೊಡುವುದು ಮೇಲಲ್ಲವೇ?

ಗಂಗಾವಳಿ ತೀರ (ಅಂಕೋಲಾ)

ಖಂಡಿತ ಮೇಲು. ನೆರವಿನ ಸಂಸ್ಥೆಗಳಿಗೆ ಮುಂದಿನ ತಿಂಗಳು ಎಷ್ಟು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕಾಳು ಕೊಳ್ಳುವುದು, ಲಾರಿ ಗೊತ್ತುಮಾಡುವುದು ಸುಲಭವಾಗುತ್ತದೆ. ಸುದ್ದಿ ಬಿಸಿಯಿದ್ದಾಗ ಎಲ್ಲರೂ ಕೊಡುತ್ತಾರೆ, ಆರಿದ ಮೇಲೆ ಯಾರೂ ಇಲ್ಲ. ಆದರೆ ಮನೆಮನೆಗೆ ಹೋಗಿ ಜ್ಞಾಪಿಸಬೇಡಿ, ಅದು ಬಲವಂತವಾಗುತ್ತದೆ. ಮೊಬೈಲಿನಲ್ಲೇ ಮಾಸಿಕ ದೇಣಿಗೆಗೆ ಒಪ್ಪಿಗೆ ಕೊಟ್ಟುಬಿಡಲು ಬರುತ್ತದೆ, ಬೇಡವೆನಿಸಿದಾಗ ನಿಲ್ಲಿಸಲೂ ಬರುತ್ತದೆ. ವಯಸ್ಸಾದವರಿಗೆ ಅದನ್ನು ಮಾಡಿಕೊಡಲು ನಿಮ್ಮ ಮಂಡಳದ ಇಬ್ಬರು ಹುಡುಗರನ್ನು ಅಂದು ಕೂರಿಸಿ, ಆದರೆ ಒಟಿಪಿಯನ್ನು ಯಜಮಾನರೇ ಒತ್ತಲಿ.

ದೇವಿಮನೆ (ಕುಮಟಾ)

ಊರಿನ ಹಣಕ್ಕೆ ಕೈ ಹಾಕದಿದ್ದರೆ ನನ್ನ ಮೊದಲ ಆಕ್ಷೇಪ ಉಳಿಯುವುದಿಲ್ಲ. ಎರಡನೆಯದು ಉಳಿದಿದೆ, ಅಕ್ಕೋರು ಎಷ್ಟೇ ಚೆಂದ ಬರೆದರೂ, ದೂರದವರಿಗೆ ಮರುಗುವವರಲ್ಲಿ ಪಕ್ಕದ ಮನೆಯ ಕಡೆ ನೋಡದವರು ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಪಕ್ಕದ ಮನೆಯ ಕಡೆಯೂ ನೋಡದೆ, ದೂರಕ್ಕೂ ಕೊಡದೆ, ‘ಮೊದಲು ನಮ್ಮವರು’ ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳುವವರ ಸಂಖ್ಯೆ ಅದಕ್ಕಿಂತ ಹೆಚ್ಚು ಎಂಬುದನ್ನೂ ಒಪ್ಪುತ್ತೇನೆ. ಬೆಟ್ಟದಂಚಿನವರೇ, ಸಂಕದ ಅರ್ಜಿಯನ್ನು ಇನ್ನೂ ಕೊಟ್ಟಿಲ್ಲವಾದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದರ ನಕಲನ್ನು ಇಟ್ಟುಕೊಂಡು ಕೊಡಿ. ಬರಿಯ ಮನವಿಪತ್ರಕ್ಕೆ ಬೆಲೆಯಿಲ್ಲ. ತಾಳಮದ್ದಲೆಯ ದಿನಾಂಕ ತಿಳಿಸಿದರೆ ಬರುತ್ತೇನೆ.